ನಕ್ಷತ್ರದ ಬೆಳಕನ್ನು ಬರಿಗಣ್ಣಿನಲ್ಲಿ ಅಳೆಯುವುದು: ನನ್ನ ಅನುಭವ

ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವ ನಕ್ಷತ್ರ ಯಾವುದು? ಲುಬ್ಧಕ, ಅಂದರೆ ಸಿರಿಯಸ್. ಅದರ ಮ್ಯಾಗ್ನಿಟ್ಯೂಡ್, ಅಂದರೆ ಹೊಳಪಿನ ಅಳತೆ, ಮೈನಸ್ 1.46. ಎರಡನೆಯದು ಅಗಸ್ತ್ಯ (ಕ್ಯಾನೋಪಸ್), ಮೈನಸ್ 0.74. ಶುಕ್ರ, ಗುರು ಇವೆರಡಕ್ಕಿಂತಲೂ ಹೊಳೆಯುತ್ತವೆ, ಆದರೆ ಅವು ಗ್ರಹಗಳು. ಉತ್ತರ ಇಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದಶಮಾಂಶಗಳು. ಇಷ್ಟು ಸೂಕ್ಷ್ಮವಾಗಿ ಅಳೆಯುವುದು ಹೇಗೆ? ನಮ್ಮ ತಾರಸಿ ಮೇಲೆ ನಿಂತು ನಾನೂ ಅಳೆಯಬಹುದಾ? ಅಳೆಯಬಹುದು. ದುರ್ಬೀನೂ ಬೇಡ. ನುರಿತ ಕಣ್ಣು ಒಂದು ಮ್ಯಾಗ್ನಿಟ್ಯೂಡಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನು ಗುರುತಿಸುತ್ತದೆ.

ಮೊದಲು ಈ ಅಳತೆಗೋಲು ತಿಳಿದಿರಬೇಕು. ಹಳೆಯ ಗ್ರೀಕರು ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ಹಂಚಿದ್ದರು. ತುಂಬಾ ಹೊಳೆಯುವುದು ಒಂದನೆಯದು, ಕಂಡೂ ಕಾಣದಂತಿರುವುದು ಆರನೆಯದು. ಅದಕ್ಕೇ ಇಲ್ಲಿ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. 1856ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ನಾರ್ಮನ್ ಪಾಗ್ಸನ್ ಇದಕ್ಕೊಂದು ಖಚಿತ ಲೆಕ್ಕ ಕೊಟ್ಟರು. ಐದು ಮ್ಯಾಗ್ನಿಟ್ಯೂಡ್ ಅಂತರ ಅಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು. ಹಾಗಾಗಿ ಒಂದರ ಅಂತರ ಅಂದರೆ ಸುಮಾರು 2.512 ಪಟ್ಟು. ಮುಂದೆ ಇದೇ ಪಾಗ್ಸನ್ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಹೊಳಪು ಏರಿಳಿಯುವುದನ್ನು ಪತ್ತೆಹಚ್ಚಿದರು. ನಾನು ಮಾಡುವ ಕೆಲಸದ ಹಿರಿಯರು ಇಷ್ಟು ಹತ್ತಿರದಲ್ಲೇ ಇದ್ದರು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ನಾನು ಹೆಚ್ಚಾಗಿ ನೋಡುವುದು ಆರ್ದ್ರಾ ನಕ್ಷತ್ರವನ್ನು. ಬೀಟಲ್‌ಜೂಸ್ ಅನ್ನುತ್ತಾರಲ್ಲ, ಅದೇ. ನಮ್ಮ ರೈತರು ಆರಿದ್ರಾ ಮಳೆ ಅನ್ನುವಾಗ ಬರುವುದೂ ಇದರ ಹೆಸರೇ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಬೇಟೆಗಾರನ ಭುಜದಲ್ಲಿರುವ ಈ ಕೆಂಪು ನಕ್ಷತ್ರದ ಹೊಳಪು ಏರಿಳಿಯುತ್ತದೆ ಅಂತ 1836ರಲ್ಲೇ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಗಮನಿಸಿದ್ದರು. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿ ಇರುತ್ತದೆ. 2019ರ ಕೊನೆಯಲ್ಲಿ ಅದು ಮಂಕಾಗುತ್ತಾ ಹೋಯಿತು.

ಅಳೆಯುವ ಕ್ರಮ ಹೀಗೆ. ಹೊಳಪು ಗೊತ್ತಿರುವ ಎರಡು ನಕ್ಷತ್ರ ಆರಿಸಿಕೊಳ್ಳಬೇಕು, ಒಂದು ಆರ್ದ್ರಾಗಿಂತ ಹೊಳೆಯುವುದು, ಇನ್ನೊಂದು ಮಂಕಾದದ್ದು. ಆ ಚಳಿಗಾಲದಲ್ಲಿ ಮೊದಮೊದಲು ನನಗೆ ಪ್ರೋಸಿಯಾನ್ (0.34) ಮತ್ತು ಪುನರ್ವಸುವಿನ ಪೊಲಕ್ಸ್ (1.14) ಸಾಕಾಗುತ್ತಿದ್ದವು. ಎರಡರ ನಡುವಿನ ಅಂತರ 0.8. ಆರ್ದ್ರಾ ಸರಿಯಾಗಿ ನಡುವೆ ಇದೆ ಅನಿಸಿದರೆ 0.74, ಅಂದರೆ 0.7 ಅಂತ ಬರೆದುಕೊಳ್ಳುತ್ತೇನೆ. ಪೊಲಕ್ಸ್ ಕಡೆಗೆ ವಾಲಿದಂತಿದ್ದರೆ 0.9 ಅಥವಾ 1.0. ಫೆಬ್ರವರಿ 2020ರ ಹೊತ್ತಿಗೆ ಈ ಜೋಡಿ ಕೆಲಸಕ್ಕೆ ಬರಲಿಲ್ಲ. ಆರ್ದ್ರಾ ಪೊಲಕ್ಸ್‌ಗಿಂತ ಕೆಳಗಿಳಿದು, ವ್ಯಾಧನ ಇನ್ನೊಂದು ಭುಜವಾದ ಬೆಲಾಟ್ರಿಕ್ಸ್ (1.64) ಹತ್ತಿರಕ್ಕೆ ಬಂದಿತ್ತು. ಎರಡು ಭುಜಗಳೂ ಹೆಚ್ಚುಕಡಿಮೆ ಒಂದೇ ಸಮ! ಚಿಕ್ಕಂದಿನಿಂದ ನೋಡಿದ ಮಹಾವ್ಯಾಧನ ಮುಖಚಹರೆಯೇ ಬದಲಾದಂತಿತ್ತು. ಆ ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ, ನಮ್ಮ ಕಡೆಯ ಬೆಳಕನ್ನು ಮರೆಮಾಡಿತ್ತು ಅಂತ ಆಮೇಲೆ ಹಬಲ್ ಮತ್ತು ಚಿಲಿಯ ದೊಡ್ಡ ದೂರದರ್ಶಕಗಳ ವೀಕ್ಷಣೆಗಳು ತೋರಿಸಿದವು.

ಕೆಂಪು ನಕ್ಷತ್ರದ ವಿಷಯದಲ್ಲಿ ಒಂದು ಎಚ್ಚರ ಬೇಕೇ ಬೇಕು. ಅದನ್ನೇ ದಿಟ್ಟಿಸುತ್ತಾ ನಿಂತರೆ ಕಣ್ಣು ಕೆಂಪು ಬೆಳಕನ್ನು ಕೂಡಿಸಿಕೊಳ್ಳುತ್ತಾ ಹೋಗಿ, ಇರುವುದಕ್ಕಿಂತ ಹೆಚ್ಚು ಹೊಳಪು ತೋರಿಸುತ್ತದೆ. ನಾನು ಒಂದು ಕ್ಷಣ ಅದನ್ನು, ಒಂದು ಕ್ಷಣ ಇದನ್ನು ನೋಡಿ ದೃಷ್ಟಿ ತೆಗೆಯುತ್ತೇನೆ. ನಿನ್ನೆಯ ಅಂಕಿಯನ್ನು ನೋಡಿಕೊಂಡು ಹೋಗುವುದಿಲ್ಲ. ಅದು ತಲೆಯಲ್ಲಿದ್ದರೆ ಕಣ್ಣು ಅದನ್ನೇ ಒಪ್ಪಿಸಿಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ, ಎತ್ತರ. ನಕ್ಷತ್ರ ದಿಗಂತದ ಹತ್ತಿರ ಇದ್ದಷ್ಟೂ ಅದರ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು, ಮಂಕಾಗುತ್ತದೆ. ಅಗಸ್ತ್ಯನನ್ನೇ ನೋಡಿ. ಬೆಂಗಳೂರು, ತುಮಕೂರು ಕಡೆಯಿಂದ ಅದು ಏರುವುದೇ ಸುಮಾರು 24 ಡಿಗ್ರಿ. ಲುಬ್ಧಕ 60 ಡಿಗ್ರಿವರೆಗೆ ಏರುತ್ತದೆ. ಶುಭ್ರ ರಾತ್ರಿಯಲ್ಲೂ ಅಗಸ್ತ್ಯ ಇದೊಂದೇ ಕಾರಣಕ್ಕೆ ಲುಬ್ಧಕಕ್ಕಿಂತ ಸುಮಾರು 0.3 ಮ್ಯಾಗ್ನಿಟ್ಯೂಡ್ ಹೆಚ್ಚು ಕಳೆದುಕೊಳ್ಳುತ್ತದೆ. ಮೊದಲು ಹೇಳಿದ ಅಂಕಿಗಳ ಪ್ರಕಾರ ಲುಬ್ಧಕದ ಹೊಳಪು ಅಗಸ್ತ್ಯನ ಎರಡು ಪಟ್ಟಿಗಿಂತ ತುಸು ಕಡಿಮೆ. ನಮ್ಮ ಕಣ್ಣಿಗೆ ಅಂತರ ಅದಕ್ಕಿಂತ ಜಾಸ್ತಿ ಕಾಣುತ್ತದೆ. ಅದಕ್ಕೇ ಹೋಲಿಸುವ ನಕ್ಷತ್ರಗಳು ಆದಷ್ಟು ಒಂದೇ ಎತ್ತರದಲ್ಲಿರಬೇಕು.

ಅಗಸ್ತ್ಯನಿಗೆ ಆಗುವ ಅನ್ಯಾಯ ಇಷ್ಟಕ್ಕೇ ಮುಗಿಯುವುದಿಲ್ಲ. ಲುಬ್ಧಕ ಇರುವುದು ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿ, ಅಗಸ್ತ್ಯ ಸುಮಾರು 310. ಲುಬ್ಧಕ ಸೂರ್ಯನ ಸುಮಾರು 25 ಪಟ್ಟು ಬೆಳಕು ಚೆಲ್ಲಿದರೆ ಅಗಸ್ತ್ಯ 10 ಸಾವಿರ ಪಟ್ಟಿಗೂ ಹೆಚ್ಚು. ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷ ದೂರದಲ್ಲಿ ಸಾಲಾಗಿ ನಿಲ್ಲಿಸಿದ್ದೇವೆ ಅಂದುಕೊಂಡು ಹೋಲಿಸುವುದನ್ನು ನಿರಪೇಕ್ಷ ಮ್ಯಾಗ್ನಿಟ್ಯೂಡ್ ಅನ್ನುತ್ತಾರೆ. ಆ ಸಾಲಿನಲ್ಲಿ ನಮ್ಮ ಸೂರ್ಯ 4.83, ಊರಿನ ದೀಪಗಳ ನಡುವೆ ಕಾಣುವುದೇ ಇಲ್ಲ. ಅಗಸ್ತ್ಯ ಶುಕ್ರನನ್ನೂ ಮೀರಿಸುತ್ತದೆ. ಹಾಗಾಗಿ ಯಾರಾದರೂ 'ಅತಿ ಪ್ರಕಾಶಮಾನ' ಅಂದರೆ ನಾನು ಮೊದಲು ಕೇಳುವುದು, ಇಲ್ಲಿಂದ ಕಾಣುವಂತೆಯಾ, ನಿಜವಾಗಿಯಾ?

ಈಚೆಗೆ ಕ್ಯಾಮೆರಾವನ್ನೂ ಬಳಸುತ್ತಿದ್ದೇನೆ. ಟ್ರೈಪಾಡ್ ಮೇಲಿಟ್ಟು, ರಾ ಫಾರ್ಮ್ಯಾಟಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ), ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸಿ ತೆಗೆಯುತ್ತೇನೆ. ಆಗ ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹರಡಿ, ಯಾವುದೂ ತುಂಬಿ ತುಳುಕುವುದಿಲ್ಲ. ಹಸಿರು ಚಾನೆಲ್ ಮಾತ್ರ ತೆಗೆದುಕೊಳ್ಳುತ್ತೇನೆ, ಅದು ಖಗೋಳ ವಿಜ್ಞಾನಿಗಳು ಹೊಳಪು ಅಳೆಯಲು ಬಳಸುವ, ಹಸಿರು-ಹಳದಿ ಬೆಳಕನ್ನು ಬಿಡುವ ವಿ ಫಿಲ್ಟರಿಗೆ ಹತ್ತಿರ. ಕಂಪ್ಯೂಟರಿನಲ್ಲಿ ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿ ಒಳಗಿನ ಪಿಕ್ಸೆಲ್‌ಗಳ ಬೆಳಕಿನ ಎಣಿಕೆ ಕೂಡಿಸಿ, ಪಕ್ಕದ ಖಾಲಿ ಆಕಾಶದ ಎಣಿಕೆ ಕಳೆಯಬೇಕು. ಹೋಲಿಕೆಯ ನಕ್ಷತ್ರಕ್ಕೂ ಅದೇ ಲೆಕ್ಕ. ಎರಡರ ಅನುಪಾತದ ಲಾಗರಿದಮ್ಮನ್ನು 2.5ರಿಂದ ಗುಣಿಸಿದರೆ ಅಂತರ ಸಿಗುತ್ತದೆ. ಒಂದರ ಬೆಳಕು ಇನ್ನೊಂದರ ನಾಲ್ಕು ಪಟ್ಟು ಬಂದರೆ ಅಂತರ 1.5. ನೋಡಿ, ಇಲ್ಲೂ ಹೋಲಿಕೆ ತಪ್ಪಲಿಲ್ಲ.

ಶುರು ಮಾಡುವವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಸಂಜೆಗಳು ಒಳ್ಳೆಯವು. 1911ರಿಂದ ಇರುವ ಅಮೆರಿಕದ ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಘ, ಎಎವಿಎಸ್‌ಒ, ತನ್ನ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅವುಗಳಲ್ಲಿ 1.1 ಮ್ಯಾಗ್ನಿಟ್ಯೂಡನ್ನು 11 ಅಂತ ಬರೆದಿರುತ್ತಾರೆ. ಚುಕ್ಕಿ ಹಾಕಿದರೆ ಅದೂ ಒಂದು ನಕ್ಷತ್ರ ಅಂತ ಅನಿಸಬಾರದಲ್ವಾ, ಅದಕ್ಕೆ. ನಕ್ಷೆ, ಪೆನ್ಸಿಲ್, ಕೆಂಪು ಕಾಗದ ಸುತ್ತಿದ ಟಾರ್ಚ್ ಇದ್ದರೆ ಸಾಕು. ನೋಡಿದ ಸಮಯ, ಹೋಲಿಸಿದ ಎರಡು ನಕ್ಷತ್ರ, ನಿಮ್ಮ ಅಂದಾಜು, ಚಂದ್ರ ಅಥವಾ ಮೋಡ ಇತ್ತಾ ಅನ್ನುವುದು, ಇಷ್ಟನ್ನು ಅಲ್ಲೇ ಬರೆದಿಟ್ಟುಕೊಳ್ಳಿ.