ಹೆಬ್ಬೆರಳಿನ ಬಿರುಕು ಮತ್ತು ಕಲರ್ ತೂಗುವ ತಕ್ಕಡಿ: ನನ್ನ ಅನುಭವ

ಹುಬ್ಬಿಗೆ ಥ್ರೆಡಿಂಗ್ ಮಾಡುವಾಗ ದಾರ ಬೆರಳಿನ ಯಾವ ಜಾಗದಲ್ಲಿ ಓಡುತ್ತದೆ ಎಂದು ಪಾರ್ಲರ್ ನಡೆಸುವವರಿಗೆ ಹೇಳಬೇಕಾಗಿಲ್ಲ. ನನ್ನ ಬಲಗೈ ಹೆಬ್ಬೆರಳು ಬಿರಿದದ್ದು ಸರಿಯಾಗಿ ಅದೇ ಜಾಗದಲ್ಲಿ. ನಾಲ್ಕು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದು ಮದುವೆಗಳು ಶುರುವಾದ ವಾರ, ಒಬ್ಬ ಮದುಮಗಳ ಎಡಹುಬ್ಬು ಮುಗಿಯುವಷ್ಟರಲ್ಲಿ ದಾರ ಬಿರುಕಿನೊಳಗೆ ಇಳಿಯಿತು. ಬಿಳಿ ದಾರ ಗೇಣುದ್ದ ಕೆಂಪಾಯಿತು. ಹುಡುಗಿಯ ತಾಯಿ ಕನ್ನಡಿಯಲ್ಲಿ ಅದನ್ನು ನೋಡಿ, "ನಿಮ್ಮ ಕೈಯೇ ಹೀಗಿದ್ದರೆ ನಮ್ಮ ಮಗಳ ಮುಖಕ್ಕೆ ಏನು ಹಚ್ಚುತ್ತೀರಿ?" ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.

ವಿಜಯಪುರದಲ್ಲಿ ಪಾರ್ಲರ್ ನಡೆಸುತ್ತ ಹದಿನಾರು ವರ್ಷವಾಯಿತು. ದಿನಕ್ಕೆ ಮೂವತ್ತು ಸಲವಾದರೂ ಕೈ ತೊಳೆಯುತ್ತೇನೆ. ಶಾಂಪೂ, ಬ್ಲೀಚ್, ಹೇರ್ ಡೈ, ಸ್ಪಿರಿಟ್ ಎಲ್ಲವೂ ಇದೇ ಕೈಗೆ. ನೀರು ಬೋರ್‌ವೆಲ್ಲಿನದು, ನಲ್ಲಿಯ ಬಾಯಲ್ಲಿ ಬಿಳಿ ಉಪ್ಪು ಗಟ್ಟಿ ಕಟ್ಟುತ್ತದೆ. ಸಂಜೆ ಮನೆಗೆ ಹೋದರೆ ಕುದಿನೀರು ಹಾಕಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಚಳಿಗಾಲದ ಒಣಗಾಳಿಗೆ ಬೆರಳಿನ ಗೆಣ್ಣುಗಳೆಲ್ಲ ಬೇಸಿಗೆಯ ಎರೆಹೊಲದಂತೆ ಸೀಳು ಬಿಟ್ಟಿದ್ದವು.

ಮೊದಲು ಕಳೆದುಕೊಂಡ ಹಣದ ಲೆಕ್ಕ ಒಪ್ಪಿಸುತ್ತೇನೆ. ಎರಡು ವರ್ಷಗಳಲ್ಲಿ ಹದಿನಾಲ್ಕು ಹದಿನೈದು ಸಾವಿರವಾದರೂ ಹೋಗಿರಬೇಕು. ಮಾಲು ಹಾಕುವ ಹುಡುಗನ ಮಾತಿಗೆ ಮರುಳಾಗಿ ಲೋಳೆಸರದ ಜೆಲ್ ಡಬ್ಬಿಗಟ್ಟಲೆ ತಂದೆ. ಹಚ್ಚಿದಾಗ ತಂಪು, ಹತ್ತು ನಿಮಿಷಕ್ಕೆ ಚರ್ಮ ಮೊದಲಿಗಿಂತ ಬಿಗಿ. ಗುಲಾಬಿ ವಾಸನೆಯ 'ಹರ್ಬಲ್' ಲೋಷನ್ ಬಿರುಕಿಗೆ ತಗುಲಿದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಒಂಬೈನೂರು ಚಿಲ್ಲರೆ ರೂಪಾಯಿಯ ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು) ಕ್ರೀಮ್ ಒಳ್ಳೆಯದೇ ಇತ್ತು, ಆದರೆ ಅದು ನನಗೆ ಏಕೆ ಕೆಲಸ ಮಾಡಲಿಲ್ಲ ಎಂಬುದು ತಿಳಿಯಲು ಇನ್ನೊಂದು ವರ್ಷ ಹಿಡಿಯಿತು. ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಒಂದನ್ನು ಸಾವಿರದ ಇನ್ನೂರಕ್ಕೆ ತಂದೆ. ನೀರಿನ ಗಡಸು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅಂಥ ಫಿಲ್ಟರ್ ಕಸ ತಡೆಯುತ್ತದೆ, ಕ್ಲೋರಿನ್ ಸ್ವಲ್ಪ ಹಿಡಿಯುತ್ತದೆ, ಗಡಸುತನವನ್ನು ಮುಟ್ಟುವುದಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಎಲ್ಲವನ್ನೂ ಬರೆದಿದ್ದರು.

ಎಲ್ಲಕ್ಕಿಂತ ದುಬಾರಿಯಾದದ್ದು ಅರವತ್ತು ರೂಪಾಯಿಯ ಟ್ಯೂಬು. ಔಷಧಿ ಅಂಗಡಿಯವನು ಕೈ ನೋಡಿ, ಕೇಳದೆಯೇ ಕೊಟ್ಟ. ನಾಲ್ಕೇ ದಿನದಲ್ಲಿ ಕೈ ಮಗುವಿನ ಕೈಯಂತಾಯಿತು. ಬಿಟ್ಟ ಎಂಟನೆಯ ದಿನ ದುಪ್ಪಟ್ಟಾಗಿ ಮರಳಿ ಬಂತು. ಹೀಗೆ ಮೂರು ಟ್ಯೂಬು. ಕೊನೆಗೆ ತೋರಿಸಿದ ಚರ್ಮರೋಗ ತಜ್ಞೆ ಖಾಲಿ ಟ್ಯೂಬನ್ನು ತಿರುಗಿಸಿ, ಒಳಗಿರುವುದು ಪ್ರಬಲ ಸ್ಟೆರಾಯ್ಡ್, ಜತೆಗೆ ನನಗೆ ಬೇಡವೇ ಬೇಡದ ಎರಡು ಔಷಧಿಗಳು ಎಂದರು. 2018ರಲ್ಲೇ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೌಂಟರಿನ ಮೇಲೆ ಕೈ ಚಾಚಿದರೆ ಟ್ಯೂಬು ಸಿಗುತ್ತದೆ. ನಮ್ಮಲ್ಲಿ ಬೆಳ್ಳಗಾಗಲೆಂದು ಅದನ್ನೇ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡು ಬರುವವರಿದ್ದಾರೆ. ಚರ್ಮ ತೆಳುವಾಗಿ, ಕೆನ್ನೆಯಲ್ಲಿ ಕೆಂಪು ರಕ್ತನಾಳಗಳು ಕಾಣುತ್ತಿದ್ದರೆ ನಾನು ಫೇಶಿಯಲ್ ಮಾಡುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಪಾರ್ಲರ್ ನಡೆಸುವ ನೀವೂ ಅಂಥ ಮುಖವನ್ನು ಮುಟ್ಟಬೇಡಿ.

ಆ ತಜ್ಞೆ ಕೆಲವೇ ದಿನಕ್ಕೆ ಎಂದು ಒಂದು ಮುಲಾಮು ಬರೆದು, ಉಳಿದಂತೆ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು ಎಂದರು. ವಾಸನೆ ಇಲ್ಲದ್ದು, ಬಣ್ಣ ಇಲ್ಲದ್ದು, ಕೈ ಒದ್ದೆ ಇರುವಾಗಲೇ. ಮುನ್ನೂರು ರೂಪಾಯಿ ಫೀ ಕೊಟ್ಟು ಇದನ್ನು ಕೇಳಲು ಬಂದೆನೇ ಎನಿಸಿತು. ಮನೆಗೆ ಬಂದು ಹೇಳಿದರೆ ನಾದಿನಿ ನಕ್ಕಳು. "ವೈನಿ, ಅದು ಹಿಮ್ಮಡಿಗೆ ಹಚ್ಚುವುದು. ನಿಮ್ಮಂಥವರು ಅದನ್ನು ಹಚ್ಚಿಕೊಂಡು ಕೂತರೆ ಗಿರಾಕಿ ಬರುತ್ತಾರೆಯೇ?" ಪಕ್ಕದ ಓಣಿಯ ಪಾರ್ಲರಿನ ಗೆಳತಿ, ಜೆಲ್ಲಿಯಿಂದ ಚರ್ಮ ಉಸಿರುಗಟ್ಟುತ್ತದೆ ಎಂದಳು. ಚರ್ಮ ಮೂಗಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಆರು ತಿಂಗಳ ನಂತರ.

ಮೊದಲ ತಿಂಗಳು ಜೆಲ್ಲಿಯಿಂದಲೂ ಏನೂ ಆಗಲಿಲ್ಲ. ಇದನ್ನೂ ಬಿಟ್ಟುಬಿಡುವವಳಿದ್ದೆ. ಹೇರ್ ಕಲರ್ ತೂಗಲು ಇಟ್ಟಿದ್ದ ಪುಟ್ಟ ತಕ್ಕಡಿಯ ಮೇಲೆ ಒಂದು ಭಾನುವಾರ ಸುಮ್ಮನೆ ಡಬ್ಬಿಯನ್ನು ಇಟ್ಟೆ. ಮುಂದಿನ ಭಾನುವಾರ ಮತ್ತೆ ಇಟ್ಟೆ. ಏಳು ದಿನದಲ್ಲಿ ಇಳಿದದ್ದು ಹೆಚ್ಚೆಂದರೆ ಒಂಬತ್ತು ಗ್ರಾಂ! ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಒಂದು ಕೈಯ ಎರಡೂ ಬದಿಗೆ ಎಂದು ಡಾಕ್ಟರು ಹೇಳಿದ್ದರು. ಎರಡು ಕೈಗೆ ಒಂದು ಗ್ರಾಂ. ದಿನಕ್ಕೆ ಆರು ಸಲವೆಂದರೆ ಆರು ಗ್ರಾಂ, ವಾರಕ್ಕೆ ನಲವತ್ತೆರಡು. ನಾನು ಹಚ್ಚುತ್ತಿದ್ದದ್ದು ಅದರ ಕಾಲುಭಾಗಕ್ಕೂ ಕಡಿಮೆ. ಒಂಬೈನೂರರ ಕ್ರೀಮ್ ಏಕೆ ಸೋತಿತು ಎಂಬುದೂ ಆಗಲೇ ಹೊಳೆಯಿತು. ಐವತ್ತು ಗ್ರಾಮಿನ ಟ್ಯೂಬನ್ನು ಎರಡು ತಿಂಗಳು ಎಳೆದಿದ್ದೆ. ದುಬಾರಿ ಕ್ರೀಮನ್ನು ನಾವು ಹಚ್ಚುವುದಿಲ್ಲ, ಅಂಗಾರದಂತೆ ಬೊಟ್ಟು ಇಟ್ಟುಕೊಳ್ಳುತ್ತೇವೆ.

ಆಮೇಲೆ ಜಿಪುಣತನ ಬಿಟ್ಟೆ. ಕೈ ತೊಳೆದು, ಟವೆಲ್ಲಿನಿಂದ ಒತ್ತಿ ಮಾತ್ರ ತೆಗೆದು, ತೇವ ಇರುವಾಗಲೇ ಹಚ್ಚುವುದು. ಕೆಲಸದ ನಡುವೆ ಜಿಡ್ಡು ಬೇಡವೆನಿಸಿದಾಗ ಗ್ಲಿಸರಿನ್ ಮಿಶ್ರಣ, ರಾತ್ರಿ ದಪ್ಪಗೆ ಜೆಲ್ಲಿ ಬಳಿದು ಮೇಲೆ ಹತ್ತಿಯ ಕೈಗವಸು. ಒಂದು ಎಚ್ಚರಿಕೆ: ಜೆಲ್ಲಿ ಹೀರಿದ ಬಟ್ಟೆ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ. ಗವಸು ಹಾಕಿಕೊಂಡು ಹಾಲು ಕಾಯಿಸಲು ಹೋಗಬೇಡಿ. ಡೈ ಹಚ್ಚುವಾಗ ಲ್ಯಾಟೆಕ್ಸ್ ಬಿಟ್ಟು ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸಿಗೆ ಬಂದೆ, ಒಳಗೆ ತೆಳು ಹತ್ತಿಯದು. ಕೈಗೆ ಸೋಪು ಪೂರ್ತಿ ಬಂದ್. ಹಿಟ್ಟು ನಾದುವುದನ್ನು ಎರಡು ತಿಂಗಳು ನಾದಿನಿಗೆ ಬಿಟ್ಟೆ, ಅವಳ ಗೊಣಗಾಟವನ್ನೂ ಸಹಿಸಿಕೊಂಡೆ. ಐದನೆಯ ವಾರ ಹೆಬ್ಬೆರಳಿನ ಬಿರುಕು ಕೂಡಿತು. ಒಂಬತ್ತನೆಯ ವಾರ ದಾರ ಹಿಡಿದರೆ ಉರಿ ಇಲ್ಲ. ಈಗ ನಮ್ಮ ಓಣಿಯಲ್ಲಿ ನನ್ನಷ್ಟು ಮೆತ್ತನೆಯ ಕೈಯ ಬ್ಯೂಟಿಷಿಯನ್ ಇನ್ನೊಬ್ಬಳಿದ್ದರೆ ತೋರಿಸಿ.

ಸೋಪಿನ ವಿಷಯದಲ್ಲಿ ನನಗೆ ಹುಚ್ಚು ಹಿಡಿದದ್ದೂ ಉಂಟು. ಶಾಲೆಗಳಿಗೆ ಪ್ರಯೋಗಾಲಯದ ಸಾಮಾನು ಕೊಡುವ ಅಂಗಡಿಯಿಂದ ಪಿಎಚ್ ಪಟ್ಟಿಗಳನ್ನು (ಹುಳಿ-ಕ್ಷಾರ ಅಳೆಯುವ ಕಾಗದ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ತಂದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಹನ್ನೊಂದು ಬಗೆಯ ಸೋಪು ಕರಗಿಸಿ ನೋಡಿದೆ. ನಮ್ಮ ಚರ್ಮ ಇರುವುದು ಸುಮಾರು 5ರಲ್ಲಿ. ಮಾಮೂಲಿ ಸೋಪುಗಳೆಲ್ಲ 9ರಿಂದ 10. ಬೇವು, ಅರಿಶಿನ, ಮೇಕೆ ಹಾಲು ಎಂದು ಬರೆದಿದ್ದವೂ ಅಷ್ಟೇ, ಮಗುವಿನ ಚಿತ್ರದ ಒಂದು ಸೋಪೂ ಅಷ್ಟೇ. ಸೋಪಲ್ಲದ, ಕೃತಕ ಮಾರ್ಜಕದಿಂದ ಮಾಡಿದ ಸಿಂಡೆಟ್ ಬಾರ್‌ಗಳು ಮಾತ್ರ 6, 7ರ ಆಸುಪಾಸಿನಲ್ಲಿ ನಿಂತವು. ನಿಂಬೆರಸ 2ಕ್ಕೆ ಇಳಿಯಿತು. ಮುಖಕ್ಕೆ ನಿಂಬೆಹಣ್ಣು ತಿಕ್ಕಿಕೊಂಡು ಬರುವವರಿಗೆ ಆ ಪಟ್ಟಿಯನ್ನು ತೋರಿಸುತ್ತೇನೆ, ಕನ್ನಡಿಯ ಮೂಲೆಯಲ್ಲಿ ಅಂಟಿಸಿಟ್ಟಿದ್ದೇನೆ.

ಎಣ್ಣೆಗಳನ್ನೂ ಬಿಡಲಿಲ್ಲ. ನಮ್ಮ ಸೀಮೆಯ ಕುಸುಬಿ ಎಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶ ಹೆಚ್ಚು, ಒಣ ಚರ್ಮಕ್ಕೆ ಅದು ಹಿತ. ಗಾಣದ್ದು ತಂದು ಮೊಣಕಾಲಿಗೆ ಹಚ್ಚಿದೆ, ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಮೂರು ವಾರಕ್ಕೆ ಚಾದರವೆಲ್ಲ ಕಮಟು ವಾಸನೆ. ಶಿರಸಿಯಿಂದ ಒಬ್ಬ ಗಿರಾಕಿ ಮುರುಗಲು (ಕೋಕಂ) ಬೀಜದ ತುಪ್ಪದ ಉಂಡೆ ತಂದುಕೊಟ್ಟರು. ಕಲ್ಲಿನಂತೆ ಗಟ್ಟಿ, ಅಂಗೈಯಲ್ಲಿ ತಿಕ್ಕಿದರೆ ಕರಗುತ್ತದೆ. ಹಿಮ್ಮಡಿಗೆ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ, ಆದರೆ ಇಲ್ಲಿ ಸಿಗುವುದಿಲ್ಲ. ಇನ್ನು ನನ್ನ ಮೂರ್ಖತನದ ಕಿರೀಟ: ಲೋಳೆಸರ, ಗುಲಾಬಿ ನೀರು, ಎಣ್ಣೆ ಕಡೆದು 'ಮನೆಯ ಲೋಷನ್' ಮಾಡಿ ಹನ್ನೆರಡು ಸೀಸೆ ಗಿರಾಕಿಗಳಿಗೆ ಕೊಟ್ಟಿದ್ದೆ. ಒಂಬತ್ತನೆಯ ದಿನ ಸೀಸೆಯ ಕೊರಳಲ್ಲಿ ಕಪ್ಪು ಬೂಷ್ಟು. ಸಂರಕ್ಷಕ ಹಾಕದೆ ನೀರು ಸೇರಿಸಿದರೆ ಅದೇ ಗತಿ. ಹನ್ನೆರಡೂ ಮನೆಗೆ ಫೋನ್ ಮಾಡಿ ವಾಪಸ್ ತರಿಸಿದೆ.

ಗಿರಾಕಿಗಳ ಮುಖಕ್ಕೆ ಜೆಲ್ಲಿಯನ್ನು ನಾನು ಕಣ್ಣುಮುಚ್ಚಿ ಹೇಳುವುದಿಲ್ಲ. ಮೊಡವೆಯೂ ಇದೆ, ಸುಲಿಯುತ್ತಲೂ ಇದೆ ಎನ್ನುವವರಿಗೆ ಜಿಡ್ಡು ಕಡಿಮೆಯಿರುವ, ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್ ಮೇಲಿನ ಸಾಲಿನಲ್ಲೇ ಇರುವ, ಸುಗಂಧ ಇಲ್ಲದ ಲೋಷನ್. ಯಾವುದೇ ಹೊಸದಾದರೂ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲ, ಏಳು ದಿನ. ಒಂದೇ ಸಲ ಹಚ್ಚಿ ಏನೂ ಆಗಲಿಲ್ಲ ಎನ್ನುವುದು ಪರೀಕ್ಷೆಯಲ್ಲ. ಒಂದು ವಾರಕ್ಕೆ ಒಂದೇ ಬದಲಾವಣೆ. ಹತ್ತು ಪರ್ಸೆಂಟ್ ಯೂರಿಯಾ ಕ್ರೀಮ್ ಒರಟು ಹಿಮ್ಮಡಿಗೆ ಬಂಗಾರ, ಬಿರಿದ ಜಾಗಕ್ಕೆ ತಗುಲಿದರೆ ಕಣ್ಣಲ್ಲಿ ನೀರು. ಗ್ಲಿಸರಿನ್ನನ್ನು ನೀರು ಬೆರೆಸದೆ ಹಚ್ಚಿ ಕೈ ಸುಟ್ಟುಕೊಂಡವಳು ನಾನು. ಎಷ್ಟಕ್ಕೆ ಎಷ್ಟು ಬೆರೆಸುತ್ತೇನೆ, ಅದರಲ್ಲಿ ಮೂರನೆಯದಾಗಿ ಏನು ಹಾಕುತ್ತೇನೆ ಎಂದು ಮಾತ್ರ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಈಗಿನ ಖರ್ಚು ತಿಂಗಳಿಗೆ ನೂರೈವತ್ತರ ಹತ್ತಿರ, ಗವಸು ಬೇರೆ. ಬೇಸಿಗೆ ಇನ್ನೂ ಬಗ್ಗಿಲ್ಲ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮೇಲೆ ಹಗಲು ಜೆಲ್ಲಿ ಹಚ್ಚಿದರೆ ಬೆವರುಗುಳ್ಳೆ ಏಳುತ್ತದೆ, ಆದ್ದರಿಂದ ರಾತ್ರಿ ಮಾತ್ರ. ನಾದಿನಿ ಕಳೆದ ದೀಪಾವಳಿಯಿಂದ ತಾನೂ ಶುರು ಮಾಡಿದ್ದಾಳೆ, ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾಳೆ. ಅವಳ ಡಬ್ಬಿಯನ್ನೂ ಭಾನುವಾರ ತೂಗುತ್ತೇನೆ. ವಾರಕ್ಕೆ ಇಪ್ಪತ್ತು ಗ್ರಾಂ ಇಳಿಯುತ್ತಿದೆ. ಇನ್ನೂ ಕಡಿಮೆಯೇ.