ಹೋಗುವಾಗ ಎರಡು ಸೈಟು, ಬರುವಾಗ ಐದು

ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ. ಐದೂ ಊರಲ್ಲಿ ಒಟ್ಟಿಗೆ ಮನೆ ಕಟ್ಟೋ ಕೆಲಸ ಹಿಡಿದಾಗ ನನ್ನ ಪಾರ್ಟ್ನರ್ ನಕ್ಕಿದ್ದ. "ನೋಡ್ಕೊಳ್ಳೋರು ಯಾರು ಗುರು?" ಅಂದ.

ಮೊದಲು ವಾಟ್ಸಾಪ್ ನಂಬಿದೆ. ಚಿತ್ರದುರ್ಗದ ಮೇಸ್ತ್ರಿ ದಿನಾ ಬೆಳಿಗ್ಗೆ ಸ್ಲ್ಯಾಬ್ ಮೇಲೆ ನೀರು ನಿಂತ ಫೋಟೋ ಕಳಿಸುತ್ತಿದ್ದ. ನಾಲ್ಕನೇ ದಿನ ಅನುಮಾನ ಬಂತು. ಎಲ್ಲದರಲ್ಲೂ ಅದೇ ಕೆಂಪು ಬಕೆಟ್, ಅದೇ ನೆರಳು. ಒಂದೇ ದಿನ ತೆಗೆದಿಟ್ಟುಕೊಂಡ ಫೋಟೋಗಳು! ಪಿಪಿಸಿ, ಅಂದ್ರೆ ಹಾರುಬೂದಿ ಬೆರೆಸಿದ ಸಿಮೆಂಟು. ಗಟ್ಟಿಯಾಗಲು 10 ದಿನವಾದರೂ ಸ್ಲ್ಯಾಬ್ ಒದ್ದೆ ಇರಬೇಕು. ಅಲ್ಲಿನ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಒದ್ದೆ ಗೋಣಿಚೀಲ ನೋಡನೋಡುತ್ತಲೇ ಒಣಗುತ್ತದೆ.

ಆಮೇಲೆ ಕಾರು ಹತ್ತಿದೆ. ತುಮಕೂರಿನಿಂದ ವರಸೆಯಾಗಿ ನೋಡುತ್ತಾ ಹೋದೆ. ಶಿರಾ ಮುಟ್ಟುವಷ್ಟರಲ್ಲಿ ಎಲ್ಲಾ ಒದ್ದೆ, ಕಬ್ಬಿಣದ ಕೆಳಗಿಡುವ ಕವರ್ ಬ್ಲಾಕ್ ಜಾಗದಲ್ಲಿ, ತಲೆ ಮೇಲೆ ಹೆಲ್ಮೆಟ್ ಬೇರೆ. ನನಗಿಂತ ಮುಂಚೆ ತುಮಕೂರಿನವರ ಫೋನ್ ಮುಟ್ಟಿತ್ತು. ಇನ್ನೊಂದು ಸಲ ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಲು ನೋಡಿದೆ, ಹತ್ತಿರ ಹತ್ತಿರ 520 ಕಿ.ಮೀ. ದಾವಣಗೆರೆಯಲ್ಲಿ ಕತ್ತಲಾಗಿತ್ತು. ಮೊಬೈಲ್ ಟಾರ್ಚಿನಲ್ಲಿ ಕಾಲಂ ನೋಡಿದೆ, ಬುಡದ ಹನಿಕೋಂಬ್, ಅಂದ್ರೆ ಕಾಂಕ್ರೀಟ್ ತುಂಬದೆ ಉಳಿದ ತೂತುಗಳು, ಕಾಣಲಿಲ್ಲ. ಒಡೆದು ಮತ್ತೆ ಹಾಕಲು 35,000 ಚಿಲ್ಲರೆ ನನ್ನ ಜೇಬಿನಿಂದ. ಮನೆ ಯಜಮಾನರಿಂದ ಮಾತು ಕೇಳಿದ್ದು ಬೇರೆ.

ಈಗ ಎರಡು ದಿನ ಮಾಡುತ್ತೇನೆ. ಹೋಗುವಾಗ ಎರಡೇ ಕಡೆ ನಿಲ್ಲಿಸುತ್ತೇನೆ. ಯಾವುವು ಅಂತ ಬೆಳಿಗ್ಗೆವರೆಗೆ ನನಗೇ ಗೊತ್ತಿರುವುದಿಲ್ಲ. ರಾತ್ರಿ ದಾವಣಗೆರೆ. ಬರುವಾಗ ಐದೂ. ನಿನ್ನೆ ನೋಡಿದ ಸೈಟಿಗೆ ಇವತ್ತು ಮತ್ತೆ ಹೋದಾಗಲೇ ನಿಜ ಬಣ್ಣ ಕಾಣೋದು. "ನಿನ್ನೆ ಬಂದು ಹೋದ್ರಲ್ಲ ಸರ್!" ಅಂತ ಹಿರಿಯೂರಿನಲ್ಲಿ ಗಾಬರಿಬಿದ್ದರು. ಮಿಕ್ಸರಿಗೆ ಪೈಪಿನಲ್ಲೇ ನೀರು ಬಿಡುತ್ತಿದ್ದರು. ಸಿಮೆಂಟ್ ಮೂಟೆಗೆ 25 ಲೀಟರ್ ಸುತ್ತಮುತ್ತ ಸಾಕು. ಅಲ್ಲಿ ಕಾಂಕ್ರೀಟ್ ಸಾಂಬಾರಿನ ಹಾಗೆ ಹರಿಯುತ್ತಿತ್ತು. ಆ ಮಾಲು ಅಲ್ಲೇ ಚೆಲ್ಲಿಸಿದೆ.

ಸಿಮೆಂಟಿನ ಖಾಲಿ ಚೀಲ ಎಣಿಸುವುದು ಬಿಡಬೇಡಿ. ಒಮ್ಮೆ ಲೆಕ್ಕದಲ್ಲಿ 120, ಎಣಿಸಿದರೆ 104. ಜಗಳ ಆಡಲಿಲ್ಲ. ಅವರೆದುರೇ ಪುಸ್ತಕದಲ್ಲಿ ಬರೆದುಕೊಂಡೆ ಅಷ್ಟೆ. ನಿನ್ನೆ ಸ್ಲ್ಯಾಬಿಗೆ ನೀರು ಬಿದ್ದಿದೆಯೋ ಇಲ್ಲವೋ ಅಂತ ಅರ್ಧ ನಿಮಿಷದಲ್ಲಿ ಹೇಳಬಲ್ಲೆ. ಹೇಗೆ ಅಂತ ಹೇಳಲ್ಲ, ಮೇಸ್ತ್ರಿಗಳೂ ಓದ್ತಾರೆ ಅಲ್ವಾ.

ನಡುವೆ ಒಂದು ಪ್ರಯೋಗ. ದಾವಣಗೆರೆ ಕಡೆ ಭತ್ತದ ಹುಲ್ಲು ಸಿಗುತ್ತದಲ್ಲ, ಗೋಣಿ ಬದಲು ಅದನ್ನೇ ಸ್ಲ್ಯಾಬ್ ಮೇಲೆ ಹಾಸಿ ನೆನೆಸಿದೆ. ತೇವ ಸಂಜೆವರೆಗೂ ಇತ್ತು. ಮೂರನೇ ದಿನ ಪಕ್ಕದ ಮನೆಯ ಮೇಕೆಗಳು ಮೆಟ್ಟಿಲು ಹತ್ತಿ ಬಂದು ಮೇಯ್ದು ಹೋದವು.

ಒಂದು ಸುತ್ತಿಗೆ ಡೀಸೆಲ್ 3,200 ಆಸುಪಾಸು. ಟೋಲ್, ಲಾಡ್ಜ್, ಬೆಣ್ಣೆ ದೋಸೆ ಎಲ್ಲಾ ಸೇರಿ 6,000. ತಿಂಗಳಿಗೆ ಎರಡು ಸಲ. ದಂಡ ಅಂತಿದ್ದ ಪಾರ್ಟ್ನರ್. ಆರು ತಿಂಗಳಿಂದ ಒಂದು ಕಾಲಂ ಕೂಡ ಒಡೆಸಿಲ್ಲ.

ಕಳೆದ ಸಲ ಅವನೂ ಬಂದ. ಶಿರಾ ದಾಟುವಾಗ "ಏ, ಇಲ್ಲಿ ನಿಲ್ಸಲ್ವಾ?" ಅಂದ. ಆಗಲೇ ಅವನ ಕೈಯಲ್ಲಿ ಫೋನಿತ್ತು. ಇಸ್ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ.