ಎಸಿ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ಮಾಡಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ. ಅದರ ಹಿಂದೆಯೇ ಎಸಿ ಮೆಕ್ಯಾನಿಕ್‌ಗಳ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಕರೆದರೆ ‘ನಾಳೆ ಬರ್ತೀನಿ ಸಾರ್’ ಎಂಬ ಉತ್ತರವೇ ಗತಿ. ಹಾಗಾಗಿ ಈ ಕೆಲಸಕ್ಕೆ ಫೆಬ್ರುವರಿಯೇ ಸರಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯಾದರೆ ಅರ್ಧ ಕೆಲಸಕ್ಕೆ ಮೆಕ್ಯಾನಿಕ್ ಬೇಕಾಗಿಯೂ ಇಲ್ಲ.

ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಮೊದಲು ಎಸಿಯ ಎಂಸಿಬಿಯನ್ನೇ (ಎಸಿಗೆ ಕರೆಂಟ್ ಕಡಿಯುವ ಸ್ವಿಚ್ಚು) ಕೆಳಗಿಳಿಸಿ. ಆಮೇಲೆ ಒಳಗಿನ ಯೂನಿಟ್‌ನ ಮುಂದಿನ ಮುಚ್ಚಳವನ್ನು ಎರಡೂ ಬದಿ ಹಿಡಿದು ಮೇಲೆತ್ತಿ. ಕಣ್ಣಿಗೆ ಬೀಳುವ ಪ್ಲಾಸ್ಟಿಕ್ ಬಲೆಗಳೇ ಫಿಲ್ಟರ್. ಒಂದನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಆಚೆ ಬದಿ ಕಾಣದಷ್ಟು ಬೂದು ಧೂಳು ಕಂಬಳಿಯಂತೆ ಮೆತ್ತಿದ್ದರೆ, ಎಸಿ ತಣ್ಣಗಾಗದಿರಲು ಕಾರಣ ಬಹುಶಃ ಅದೇ. ಗಾಳಿಯೇ ಒಳಗೆ ಹೋಗದಿದ್ದರೆ ತಣ್ಣಗಾಗುವುದಾದರೂ ಏನು?

ಒಣ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ನಲ್ಲಿ ಕೆಳಗೆ ಹಿಡಿಯಿರಿ. ನೀರು ಹಿಂಬದಿಯಿಂದ ಬರಲಿ. ಧೂಳಿನ ಬದಿಯಿಂದ ಬಿಟ್ಟರೆ ಕೊಳೆ ಬಲೆಯೊಳಗೇ ಹೂತುಕೊಳ್ಳುತ್ತದೆ. ಬಿಸಿನೀರು ಬೇಡ, ಚೌಕಟ್ಟು ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಿ. ದಿನಾ ಎಸಿ ಓಡುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ತೊಳೆದರೆ ಸಾಕು. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ. (ಬೆಂಗಳೂರಿನಲ್ಲಿ ಯಾವಾಗ ನಡೆಯುತ್ತಿರಲ್ಲ ಹೇಳಿ!) ಫಿಲ್ಟರ್ ಹಿಂದಿನ ತೆಳು ಅಲ್ಯುಮಿನಿಯಂ ಪಟ್ಟಿಗಳಿಗೆ ಸುಮ್ನೆ ಕೈ ಹಾಕಬೇಡಿ. ಬೆರಳು ಕುಯ್ಯುತ್ತವೆ, ಅವೂ ಬಾಗುತ್ತವೆ.

ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಇಳಿಯುತ್ತಿದ್ದರೆ ಡ್ರೇನ್ ಪೈಪ್ ನೋಡಿ. ಒಳಗೆ ಕಂದು ಬಣ್ಣದ ಲೋಳೆ ಕಟ್ಟಿಕೊಂಡು ದಾರಿ ಮುಚ್ಚಿರುತ್ತದೆ. ನೀರನ್ನೂ ಎಳೆಯುವಂಥ ವ್ಯಾಕ್ಯೂಮ್ ಕ್ಲೀನರ್ ಮನೆಯಲ್ಲಿದ್ದರೆ ಪೈಪಿನ ಹೊರತುದಿಗೆ ಹಿಡಿದು ಎಳೆಯಿರಿ. ಪೈಪಿನ ತುದಿಯನ್ನು ಬಕೆಟ್‌ಗೆ ಬಿಟ್ಟಿದ್ದೀರಾ? ಅದು ನೀರಿನಲ್ಲಿ ಮುಳುಗಿರಬಾರದು, ಮುಳುಗಿದರೂ ನೀರು ವಾಪಸ್ ನಿಲ್ಲುತ್ತದೆ. ಮಂಗಳೂರಿನ ಸೆಕೆಗೆ ಈ ಪೈಪಿನಿಂದ ನೀರು ಸುರಿಯುತ್ತಲೇ ಇರುತ್ತದೆ. ರಾಯಚೂರಿನ ಒಣ ಬೇಸಿಗೆಯಲ್ಲಿ ತೊಟ್ಟಿಕ್ಕದಿದ್ದರೂ ಗಾಬರಿ ಬೇಡ. ಗಾಳಿಯಲ್ಲಿ ತೇವವೇ ಇಲ್ಲವಲ್ಲ!

ಹೊರಗಿನ ಯೂನಿಟ್ ಬಾಲ್ಕನಿಯಲ್ಲೋ ತಾರಸಿಯಲ್ಲೋ ಕೈಗೆ ಸಿಗುವಂತಿದ್ದರೆ ಮಾತ್ರ ಮುಟ್ಟಿ. ಮೂರನೇ ಮಹಡಿಯ ಗೋಡೆಗೆ ನೇತಾಡುತ್ತಿದ್ದರೆ ಕಿಟಕಿಯಿಂದ ಬಗ್ಗಿ ಸಾಹಸ ಮಾಡುವುದು ಬೇಡವೇ ಬೇಡ. ಒಣ ಎಲೆ, ಪಾರಿವಾಳದ ಕಸ ತೆಗೆದು, ಪೈಪಿನ ಸಾಧಾರಣ ನೀರಿನಲ್ಲಿ ಜಾಲಿಯನ್ನು ತೊಳೆಯಿರಿ. ಜೋರು ಪಂಪ್ ಬೇಡ. ಕರಾವಳಿಯವರು ಇದನ್ನು ಇನ್ನಷ್ಟು ಸಲ ಮಾಡಬೇಕು, ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಯೂನಿಟ್ ಮುಂದೆ ಹೂಕುಂಡ, ಹಳೆ ಕುರ್ಚಿ ಇದ್ದರೆ ಸರಿಸಿ.

ಇಷ್ಟಾದ ಮೇಲೂ ಮೆಕ್ಯಾನಿಕ್ ಬಂದು ‘ಗ್ಯಾಸ್ ಖಾಲಿಯಾಗಿದೆ ಸಾರ್’ ಎಂದರೆ? ಇಲ್ಲೇ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು. ಎಸಿಯ ಗ್ಯಾಸು ಬಳಸಿ ಬಳಸಿ ತೀರಿಹೋಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ಅದೂ ಗಾಳಿಗೆ ಹೋಗುತ್ತದೆ.

ಅದಕ್ಕೇ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ಕೂಲ್ ಮೋಡ್‌ನಲ್ಲಿ ಕನಿಷ್ಠ ಉಷ್ಣತೆಗೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಕೋಣೆಯ ಉಷ್ಣತೆ ಅಳೆಯುವ ಥರ್ಮಾಮೀಟರನ್ನು (ಜ್ವರದ್ದಲ್ಲ) ಗಾಳಿ ಒಳಹೋಗುವ ಮೇಲ್ಭಾಗದಲ್ಲಿ ಒಮ್ಮೆ, ಹೊರಬರುವ ಬಾಯಲ್ಲಿ ಒಮ್ಮೆ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಗ್ಯಾಸಿನ ತಕರಾರಿಲ್ಲ. ಪೈಪಿನ ಮೇಲೆ ಐಸ್ ಕಟ್ಟಿದ್ದು ಕಂಡ ಕೂಡಲೇ ಗ್ಯಾಸ್ ಕಮ್ಮಿ ಎಂದುಕೊಳ್ಳಬೇಡಿ. ಫಿಲ್ಟರ್ ಕಟ್ಟಿಕೊಂಡಿದ್ದರೂ ಹಾಗಾಗುತ್ತದೆ.

ನಿಜಕ್ಕೂ ಸೋರಿದ್ದರೆ ‘ಎಲ್ಲಿ ಸೋರಿದೆ, ತೋರಿಸಿ’ ಎಂದು ಕೇಳಿ. ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡು ಇರುತ್ತದೆ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಪೈಪನ್ನು ಬರಿದು ಮಾಡಿ, ತಕ್ಕಡಿಯಲ್ಲಿ ತೂಗಿ ಗ್ಯಾಸ್ ತುಂಬಬೇಕು. ಯಾವ ಗ್ಯಾಸು, ಎಷ್ಟು ಎಂಬುದು ಹೊರಗಿನ ಯೂನಿಟ್‌ನ ಲೇಬಲ್ ಮೇಲೇ ಇರುತ್ತದೆ. ಆರ್32 ಎಂಬ ಗ್ಯಾಸು ಇರುವಲ್ಲಿ ಆರ್22 ಎಂಬ ಗ್ಯಾಸು ಹಾಕುವ ಹಾಗಿಲ್ಲ. ಆರ್32, ಆರ್290 ಎರಡೂ ಗ್ಯಾಸಿಗೆ ಬೆಂಕಿ ಹತ್ತಬಹುದು. ಆ ಹೊತ್ತಿನಲ್ಲಿ ಹತ್ತಿರ ಬೀಡಿ, ಸಿಗರೇಟು, ದೀಪ ಬೇಡ. ನೀವಂತೂ ಸ್ಕ್ರೂ ಬಿಚ್ಚಲು ಹೋಗಬೇಡಿ, ಕರೆಂಟ್ ತೆಗೆದ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಭಾಗ ಶಾಕ್ ಹೊಡೆಯುತ್ತದೆ.

ಚಳಿಗಾಲದಲ್ಲಿ ಬಿಸಿಗಾಳಿ ಕೊಡುವ ಹಾಟ್ ಅಂಡ್ ಕೋಲ್ಡ್ ಎಸಿಯೂ, ಅಂದರೆ ಹೀಟ್ ಪಂಪ್, ಇದೇ ಯಂತ್ರ. ಬಿಸಿ ಮಾಡುವಾಗ ಅದರ ಹೊರಗಿನ ಯೂನಿಟ್‌ನಿಂದ ನೀರು ಸುರಿಯುವುದು ಸಹಜ. ಫಿಲ್ಟರನ್ನು ಮಾತ್ರ ಚಳಿಯಲ್ಲೂ ತೊಳೆಯುತ್ತಿರಬೇಕು.

ಮಳೆಗಾಲಕ್ಕೆ ಎಸಿ ನಿಲ್ಲಿಸುವಾಗ ಕೆಲವು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ, ಒಳಗಿನ ತೇವ ಆರಲಿ. ಇಲ್ಲದಿದ್ದರೆ ಬೂಷ್ಟು ಹಿಡಿದು ಮುಂದಿನ ಬೇಸಿಗೆಗೆ ವಾಸನೆ ಹೊಡೆಯುತ್ತದೆ. ಎಂಸಿಬಿ ಆಫ್ ಮಾಡಿ, ರಿಮೋಟ್‌ನ ಸೆಲ್ ತೆಗೆದಿಡಿ.